ನೆರೆಯವರ ಮೇಲಿನ ತೀರ್ಪು ನಮ್ಮ ಬಾಗಿಲಿಗೆ ಬಂದಾಗ



ಸಂಜೆಯ ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಕುಳಿತು ಪವಿತ್ರ ಬೈಬಲನ್ನು ಕ್ರಮವಾಗಿ ಓದುವ ಒಳ್ಳೆಯ ಪದ್ಧತಿ ನಮ್ಮ ಅನೇಕ ಕುಟುಂಬಗಳಲ್ಲಿದೆ. ಹಾಗೆ ಓದುತ್ತಾ ಬಂದವರು ಪ್ರವಾದಿಗಳ ಗ್ರಂಥಗಳಲ್ಲಿ ಒಂದೆಡೆ ತಡವರಿಸಿ ನಿಲ್ಲುವುದುಂಟು. ಯೆಶಾಯನ ಗ್ರಂಥದಲ್ಲಿ 13ರಿಂದ 23ನೇ ಅಧ್ಯಾಯದವರೆಗೆ, ಯೆರೆಮೀಯನಲ್ಲಿ 46ರಿಂದ 51ರವರೆಗೆ, ಯೆಜೆಕಿಯೇಲನಲ್ಲಿ 25ರಿಂದ 32ರವರೆಗೆ ಪುಟ ಪುಟವೂ ಪರನಾಡುಗಳ ಮೇಲಿನ ತೀರ್ಪಿನ ಮಾತುಗಳೇ. ಆಮೋಸನ ಗ್ರಂಥ ಆರಂಭವಾಗುವುದೇ ಇಂಥ ಮಾತುಗಳಿಂದ. ಓಬದ್ಯನ ಪುಟ್ಟ ಗ್ರಂಥ ಬಹುಮಟ್ಟಿಗೆ ಎದೋಮಿನ ವಿರುದ್ಧವಾದರೆ, ನಹೂಮನದು ನಿನೆವೆ ಪಟ್ಟಣದ ವಿರುದ್ಧ. ಬಾಬಿಲೋನ್, ಈಜಿಪ್ಟ್, ಟೈರ್, ದಮಸ್ಕ, ಗಾಜಾ, ಅಮ್ಮೋನ್, ಮೋವಾಬ್ ಹೀಗೆ ಒಂದೊಂದೇ ಹೆಸರು ಬರುತ್ತದೆ. ಬೆಂಕಿ, ಖಡ್ಗ, ಪಾಳುಬಿದ್ದ ಕೋಟೆಗಳ ಮಾತು ಬರುತ್ತದೆ.

ಆಗ ಮನಸ್ಸಿನಲ್ಲಿ ಪ್ರಶ್ನೆಗಳು ಏಳುವುದು ಸಹಜ. ಸಕಲ ಮಾನವರ ತಂದೆಯಾದ ದೇವರು ಕೆಲವು ಜನಾಂಗಗಳನ್ನು ದ್ವೇಷಿಸುತ್ತಾರೆಯೇ? ನಮಗೆ ಆಗದವರನ್ನು ದೇವರು ಹೊಡೆದುಹಾಕಲಿ ಎಂದು ಬೇಡಿಕೊಳ್ಳಲು ಈ ಅಧ್ಯಾಯಗಳು ಅಪ್ಪಣೆ ಕೊಡುತ್ತವೆಯೇ? ಯಾವುದಕ್ಕೂ ಬೇಡವೆಂದು ಪುಟ ಮಗುಚಿ ಮುಂದೆ ಹೋಗುವವರೂ ಇದ್ದಾರೆ. ಆದರೆ ಧರ್ಮಸಭೆ ಈ ಅಧ್ಯಾಯಗಳನ್ನು ಪವಿತ್ರ ಗ್ರಂಥದೊಳಗೆ ಇಟ್ಟುಕೊಂಡೇ ಬಂದಿದೆ. ಯಾವ ಉದ್ದೇಶಕ್ಕಾಗಿ ಎಂಬುದನ್ನು, ಮುಖ್ಯವಾಗಿ ಪ್ರವಾದಿ ಆಮೋಸನ ಮೂಲಕ, ಇಲ್ಲಿ ಅರಿಯಲು ಯತ್ನಿಸೋಣ.

ಅಂದಿನ ಲೋಕದ ರೂಢಿ

ಶತ್ರುವಿನ ಹೆಸರು ಹಿಡಿದು ಶಪಿಸುವುದು ಆ ಕಾಲದಲ್ಲಿ ಎಲ್ಲ ಕಡೆ ಇದ್ದ ರೂಢಿ. ಪುರಾತನ ಈಜಿಪ್ಟಿನಲ್ಲಿ ಶತ್ರು ರಾಜರ, ಊರುಗಳ ಹೆಸರುಗಳನ್ನು ಮಣ್ಣಿನ ಪಾತ್ರೆಗಳ ಮೇಲೂ ಬೊಂಬೆಗಳ ಮೇಲೂ ಬರೆದು ಒಡೆದು ಹಾಕುತ್ತಿದ್ದರು. ಪಾತ್ರೆ ಚೂರಾದಂತೆ ಶತ್ರುವೂ ಚೂರಾಗುತ್ತಾನೆ ಎಂಬುದು ಅವರ ನಂಬಿಕೆ. ಅಂಥ ಚೂರುಗಳು ಉತ್ಖನನದಲ್ಲಿ ದೊರೆತಿವೆ. ಬೈಬಲಿನಲ್ಲಿಯೂ ಮೋವಾಬಿನ ರಾಜ ಬಾಲಾಕನು ಇಸ್ರಯೇಲರನ್ನು ಶಪಿಸಲೆಂದೇ ಬಿಳಾಮನನ್ನು ಹಣ ಕೊಟ್ಟು ಕರೆಸಿದ್ದನ್ನು ಸಂಖ್ಯಾಕಾಂಡದಲ್ಲಿ ಓದುತ್ತೇವೆ.

ಇನ್ನೊಂದು ಸಾಕ್ಷಿ ಕಲ್ಲಿನಲ್ಲಿದೆ. 1868ರಲ್ಲಿ ಇಂದಿನ ಜೋರ್ಡಾನ್ ದೇಶದ ಧಿಬಾನ್ ಎಂಬಲ್ಲಿ ಒಂದು ಕಪ್ಪು ಶಿಲಾಶಾಸನ ಕಣ್ಣಿಗೆ ಬಿತ್ತು. ಅದು ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಪೂ. 9ನೇ ಶತಮಾನದಲ್ಲಿ ಅದನ್ನು ಕೆತ್ತಿಸಿದವನು ಮೋವಾಬಿನ ರಾಜ ಮೇಷ. ತನ್ನ ದೇವರಾದ ಕೆಮೋಷನು ಇಸ್ರಯೇಲಿನ ಮೇಲೆ ಜಯ ಕೊಟ್ಟನೆಂದೂ, ನೆಬೋ ಎಂಬ ಊರಿನ 7000 ಜನರನ್ನು ತಾನು ಕೊಂದೆನೆಂದೂ ಅವನು ಅದರಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ನಮ್ಮ ದೇವರು ನಮ್ಮ ಕಡೆ, ನಮ್ಮ ಗೆಲುವೇ ಅವನ ಗೆಲುವು ಎಂಬ ಭಾವನೆ ಅಂದಿನ ಎಲ್ಲ ನಾಡುಗಳಲ್ಲೂ ಬೇರೂರಿತ್ತು. ಇಸ್ರಯೇಲ್ ಜನರೂ ಇದಕ್ಕೆ ಹೊರತಾಗಿರಲಿಲ್ಲ. ಪ್ರವಾದಿ ಬಾಯಿ ತೆರೆದರೆ ಶತ್ರುಗಳಿಗೆ ಕೇಡು, ತಮಗೆ ಜಯ ಎಂದೇ ಅವರೂ ನಿರೀಕ್ಷಿಸುತ್ತಿದ್ದರು. ಇಂಥ ಜನರ ಮುಂದೆ ಆಮೋಸನು ಬಂದು ನಿಂತನು.

ತೆಕೋವದ ಕುರಿಗಾಹಿ

ಜೆರುಸಲೇಮಿನಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರು ದೂರದ ತೆಕೋವ ಎಂಬ ಹಳ್ಳಿ ಆಮೋಸನ ಊರು. ಕುರಿ ಕಾಯುವುದು, ಅತ್ತಿಮರಗಳನ್ನು ನೋಡಿಕೊಳ್ಳುವುದು ಅವನ ಕಸುಬು. ಆಗ ಇಸ್ರಯೇಲ್ ನಾಡು ಎರಡು ಹೋಳಾಗಿತ್ತು: ದಕ್ಷಿಣದಲ್ಲಿ ಜುದೇಯ, ಉತ್ತರದಲ್ಲಿ ಇಸ್ರಯೇಲ್. ದಕ್ಷಿಣದವನಾದ ಆಮೋಸನನ್ನು ದೇವರು ಉತ್ತರಕ್ಕೆ ಕಳುಹಿಸಿದರು. ಅದು ಕ್ರಿ.ಪೂ. 8ನೇ ಶತಮಾನದ ಮಧ್ಯಭಾಗ, ಎರಡನೆಯ ಯಾರೊಬ್ಬಾಮನ ಆಳ್ವಿಕೆಯ ಕಾಲ. ಗಡಿಗಳು ವಿಸ್ತಾರವಾಗಿದ್ದವು, ವ್ಯಾಪಾರ ಜೋರಾಗಿತ್ತು. ಉಳ್ಳವರಿಗೆ ಬೇಸಿಗೆಗೊಂದು ಮನೆ, ಚಳಿಗಾಲಕ್ಕೊಂದು ಮನೆ. ಬೆತೇಲಿನ ದೇವಾಲಯದಲ್ಲಿ ಜನಸಂದಣಿ, ಹಾಡು, ಬಲಿ, ಕಾಣಿಕೆ ಯಾವುದಕ್ಕೂ ಕೊರತೆಯಿರಲಿಲ್ಲ. ಭೂಕಂಪಕ್ಕೆ ಎರಡು ವರ್ಷ ಮೊದಲು ಅವನಿಗೆ ದರ್ಶನವಾಯಿತೆಂದು ಗ್ರಂಥದ ಮೊದಲ ವಚನವೇ ತಿಳಿಸುತ್ತದೆ. ಹಾಚೋರ್ ಎಂಬ ಪುರಾತನ ಪಟ್ಟಣದ ಉತ್ಖನನದಲ್ಲಿ ಆ ಕಾಲದ ಭೂಕಂಪಕ್ಕೆ ಸಿಕ್ಕಿ ವಾಲಿದ, ಕುಸಿದ ಗೋಡೆಗಳು ಕಂಡುಬಂದಿವೆ.

ಆಮೋಸನು ತನ್ನ ಮಾತನ್ನು ಕೇಳುಗರಿಗೆ ಹಿತವಾಗುವ ಕಡೆಯಿಂದಲೇ ಆರಂಭಿಸುತ್ತಾನೆ. ಅಪರಾಧಗಳು ಮೂರಾದವು, ನಾಲ್ಕೂ ಆದವು, ಇನ್ನು ಶಿಕ್ಷೆ ತಪ್ಪದು ಎಂಬ ಅರ್ಥದ ಒಂದೇ ಪಲ್ಲವಿಯನ್ನು ಪ್ರತಿ ನಾಡಿಗೂ ಅನ್ವಯಿಸುತ್ತಾ ಹೋಗುತ್ತಾನೆ.

ಮೊದಲು ಈಶಾನ್ಯದ ದಮಸ್ಕ: ಗಿಲ್ಯಾದಿನ ಜನರನ್ನು ಅದು ಕಬ್ಬಿಣದ ಹಲ್ಲುಗಳ ಹಂತಿಯ ಹಲಗೆಯಿಂದ ಒಕ್ಕಿತು. ಕಣದಲ್ಲಿ ತೆನೆಯ ಮೇಲೆ ಉರುಳುವ ನಮ್ಮ ರೋಣಗಲ್ಲನ್ನು ನೆನೆಸಿಕೊಂಡರೆ ಸಾಕು, ಆ ಕ್ರೌರ್ಯ ಕಣ್ಣಿಗೆ ಕಟ್ಟುತ್ತದೆ. ಅನಂತರ ನೈಋತ್ಯದ ಗಾಜಾ: ಊರಿಗೆ ಊರನ್ನೇ ಸೆರೆಹಿಡಿದು ಗುಲಾಮರನ್ನಾಗಿ ಎದೋಮಿಗೆ ಸಾಗಿಸಿತು. ವಾಯವ್ಯದ ಟೈರ್: ಸಹೋದರ ಒಪ್ಪಂದವನ್ನು ಮರೆತು ಅದೇ ಮಾನವ ವ್ಯಾಪಾರಕ್ಕೆ ಕೈಹಾಕಿತು. ಆಗ್ನೇಯದ ಎದೋಮ್: ಒಡಹುಟ್ಟಿದವನನ್ನೇ ಖಡ್ಗ ಹಿಡಿದು ಅಟ್ಟಿತು, ಕೋಪವನ್ನು ಆರಲು ಬಿಡಲಿಲ್ಲ. ಅಮ್ಮೋನ್: ಗಡಿಯನ್ನು ವಿಸ್ತರಿಸುವ ಆಸೆಗೆ ಗರ್ಭಿಣಿಯರ ಹೊಟ್ಟೆಯನ್ನು ಸೀಳಿತು.

ನಾಲ್ಕು ದಿಕ್ಕುಗಳಿಂದಲೂ ಶತ್ರುಗಳ ಹೆಸರು ಬರುತ್ತಿರುವಾಗ ಬೆತೇಲಿನ ಕೇಳುಗರು ತಲೆದೂಗಿರಬೇಕು. ಆದರೆ ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ನಾಡುಗಳು ಬೇರೆ ದೇವರುಗಳನ್ನು ಪೂಜಿಸುತ್ತವೆ ಎಂಬುದು ಆಮೋಸನ ಆರೋಪಪಟ್ಟಿಯಲ್ಲಿಲ್ಲ. ಅವರಿಗೆ ಸಿನಾಯ್ ಬೆಟ್ಟದ ಹತ್ತು ಕಟ್ಟಳೆಗಳು ಕೊಡಲ್ಪಟ್ಟಿರಲಿಲ್ಲ. ಆದರೂ ಮನುಷ್ಯನನ್ನು ಮಾರಬಾರದು, ಬಸುರಿಯನ್ನು ಕೊಲ್ಲಬಾರದು, ಕೊಟ್ಟ ಮಾತಿಗೆ ತಪ್ಪಬಾರದು ಎಂಬ ಅರಿವು ಪ್ರತಿ ಮಾನವ ಹೃದಯದಲ್ಲಿದೆ. ಆ ಅರಿವನ್ನು ತುಳಿದುದಕ್ಕೇ ಅವರು ಉತ್ತರ ಕೊಡಬೇಕಾಗಿದೆ.

ಮೋವಾಬಿನ ಅಪರಾಧ

ಆರನೆಯದು ಮೋವಾಬ್. ಅದರ ಮೇಲಿನ ಆರೋಪವೇ ಇಡೀ ಪಟ್ಟಿಯ ಬೀಗದ ಕೈ ಎನ್ನಬಹುದು. ಮೋವಾಬ್ ಮಾಡಿದ ಪಾಪವೇನು? ಎದೋಮಿನ ರಾಜನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿತು. ಇದರಲ್ಲಿ ಇಸ್ರಯೇಲಿಗೆ ಯಾವ ನಷ್ಟವೂ ಇಲ್ಲ. ಎದೋಮ್ ಇಸ್ರಯೇಲಿನ ಹಗೆ. ಅದೇ ಎದೋಮನ್ನು ಆಮೋಸನು ಕೆಲವೇ ವಚನಗಳ ಹಿಂದೆ ಖಂಡಿಸಿದ್ದಾನೆ. ಒಬ್ಬ ಪರಕೀಯನು ಇನ್ನೊಬ್ಬ ಪರಕೀಯನ ಶವಕ್ಕೆ ಮಾಡಿದ ಅವಮಾನ ಅದು. ಅದನ್ನೂ ದೇವರು ನೋಡಿದ್ದಾರೆ, ಅದಕ್ಕೂ ಲೆಕ್ಕ ಕೇಳುತ್ತಿದ್ದಾರೆ.

ದೇವರು ಇಸ್ರಯೇಲಿನ ಕಡೆಯ ವಕೀಲರಾಗಿದ್ದರೆ ಈ ಮಾತು ಬರುತ್ತಿರಲಿಲ್ಲ. ಶತ್ರುವಿನ ಮೃತದೇಹಕ್ಕೂ ಒಂದು ಗೌರವವಿದೆ, ಅದನ್ನು ಕಾಯುವವರು ಸೃಷ್ಟಿಕರ್ತರೇ ಎಂಬ ಸತ್ಯ ಇಲ್ಲಿ ಪ್ರಕಟವಾಗುತ್ತದೆ. ನಮಗೆ ನೋವಾದಾಗ ಮಾತ್ರ ಅದು ಅನ್ಯಾಯ, ನಮ್ಮ ವೈರಿಗೆ ನೋವಾದರೆ ಅದು ದೇವರ ನ್ಯಾಯ ಎಂಬ ನಮ್ಮ ಲೆಕ್ಕಾಚಾರಕ್ಕೆ ಈ ಒಂದು ಆರೋಪ ಕೊಡಲಿಯೇಟು ಹಾಕುತ್ತದೆ.

ತೀರ್ಪು ಮನೆಗೆ ಬರುತ್ತದೆ

ಏಳನೆಯ ಹೆಸರು ಜುದೇಯದ್ದು. ಕೇಳುಗರಿಗೆ ಇನ್ನೂ ಸಂತೋಷವೇ. ಅದೂ ಪಕ್ಕದ ನಾಡೇ ತಾನೇ! ಮೂರು ಮತ್ತು ನಾಲ್ಕು ಕೂಡಿ ಏಳಾಯಿತು, ಪಟ್ಟಿ ಮುಗಿಯಿತು ಎಂದು ಅವರು ಎಣಿಸಿರಬಹುದು. ಆಗ ಎಂಟನೆಯ ಹೆಸರು ಬರುತ್ತದೆ: ಇಸ್ರಯೇಲ್. ಅದೇ ಪಲ್ಲವಿ, ಅದೇ ಧ್ವನಿ. ಆದರೆ ಆರೋಪಪಟ್ಟಿ ಮಾತ್ರ ಎಲ್ಲಕ್ಕಿಂತ ಉದ್ದ.

ಆರೋಪಗಳಾದರೂ ಎಂಥವು? ಯುದ್ಧ, ಕೊಳ್ಳೆ ಏನೂ ಇಲ್ಲ. ಎಲ್ಲವೂ ಸಂತೆಯಲ್ಲಿ, ಮನೆಯಲ್ಲಿ, ದೇವಾಲಯದಲ್ಲಿ ದಿನನಿತ್ಯ ನಡೆಯುವಂಥವು. ಒಂದು ಜೊತೆ ಪಾದರಕ್ಷೆಯ ಬೆಲೆಗೆ ಬಡವನನ್ನು ಮಾರಿದರು. ತಂದೆಯೂ ಮಗನೂ ಒಬ್ಬಳೇ ಹುಡುಗಿಯ ಬಳಿ ಹೋದರು. ಬಡವನು ಒತ್ತೆಯಿಟ್ಟ ಹೊದಿಕೆಯನ್ನು ಸೂರ್ಯ ಮುಳುಗುವುದರೊಳಗೆ ಹಿಂದಿರುಗಿಸಬೇಕೆಂದು ವಿಮೋಚನಾಕಾಂಡ ಆಜ್ಞಾಪಿಸುತ್ತದೆ. ಅವನಿಗೆ ರಾತ್ರಿಯ ಚಳಿಗೆ ಬೇರೆ ಗತಿಯಿಲ್ಲ. ಇವರೋ ಅಂಥ ಹೊದಿಕೆಗಳನ್ನು ಬಲಿಪೀಠದ ಪಕ್ಕದಲ್ಲೇ ಹಾಸಿ ಅದರ ಮೇಲೆ ಒರಗಿದರು. ದಂಡದ ಹಣದಿಂದ ಕೊಂಡ ದ್ರಾಕ್ಷಾರಸವನ್ನು ದೇವಾಲಯದಲ್ಲಿಯೇ ಕುಡಿದರು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ಓಡಿಸಲು ಹೋದರು ಎಂಬ ಗಾದೆ ನಮ್ಮಲ್ಲಿದೆ. ಆಮೋಸನು ಪಕ್ಕದ ಎಲೆಯಲ್ಲಿ ಬಿದ್ದದ್ದನ್ನು ಸಣ್ಣದೆನ್ನಲಿಲ್ಲ. ಅಲ್ಲಿಯೂ ಹೆಗ್ಗಣವೇ ಇತ್ತು. ಆದರೆ ತಮ್ಮ ಎಲೆಯನ್ನೂ ನೋಡಿಕೊಳ್ಳುವಂತೆ ಅವರ ತಲೆಯನ್ನು ಬಗ್ಗಿಸಿದನು. ಇದನ್ನು ಬೆತೇಲಿನ ಯಾಜಕ ಅಮಚ್ಯನು ಸಹಿಸಲಿಲ್ಲ. ನಿನ್ನೂರಿಗೆ ಹೋಗಿ ಅಲ್ಲಿ ಪ್ರವಾದನೆ ಮಾಡಿಕೋ ಎಂದು ಅವನನ್ನು ಹೊರಗಟ್ಟಲು ನೋಡಿದನು. ಕೆಲವು ದಶಕಗಳು ಕಳೆಯುವಷ್ಟರಲ್ಲಿ, ಕ್ರಿ.ಪೂ. 722ರ ಸುಮಾರಿಗೆ, ಅಸ್ಸೀರಿಯರ ಸೈನ್ಯಕ್ಕೆ ಸಮಾರಿಯ ಪಟ್ಟಣ ಬಿದ್ದು ಆ ರಾಜ್ಯವೇ ಕೊನೆಗೊಂಡಿತು.

ಗಮನಿಸಿ: ಸಮಸಂಖ್ಯೆಯ ವರ್ಷಗಳಲ್ಲಿ ಸಾಧಾರಣ ಕಾಲದ 13ನೇ ವಾರದ ಸೋಮವಾರ ಆಮೋಸನ ವಾಚನ ಆರಂಭವಾಗುತ್ತದೆ. ಧರ್ಮಸಭೆ ಅಂದು ಓದಿಸುವುದು ನೆರೆನಾಡುಗಳ ಪಟ್ಟಿಯನ್ನಲ್ಲ. ನೇರವಾಗಿ ಇಸ್ರಯೇಲಿನ ಮೇಲಿನ ಆರೋಪವನ್ನು. ಯೆಶಾಯನ ಗ್ರಂಥದಲ್ಲಿಯೂ ಹೀಗೆಯೇ: ಪರನಾಡುಗಳ ತೀರ್ಪುಗಳ ನಡುವೆಯೇ 22ನೇ ಅಧ್ಯಾಯ ಜೆರುಸಲೇಮಿನ ಕಡೆಗೆ ಬೆರಳು ತೋರುತ್ತದೆ. ದೇವರ ಕೈಯಲ್ಲಿರುವುದು ಒಂದೇ ತಕ್ಕಡಿ. ಆಯ್ಕೆಯಾದ ಜನಕ್ಕೆ ಒಂದು ಬಟ್ಟು, ಹೊರಗಿನವರಿಗೆ ಇನ್ನೊಂದು ಬಟ್ಟು ಅವರಲ್ಲಿಲ್ಲ.

ಸಂತೆಯೂ ಸೋದರನೂ

ಇನ್ನೆರಡು ನಾಡುಗಳ ಮೇಲಿನ ಮಾತು ನಮ್ಮ ಕುಟುಂಬಗಳಿಗೆ ಬಹಳ ಹತ್ತಿರವಾದುದು. ಟೈರ್ ಸಮುದ್ರತೀರದ ಶ್ರೀಮಂತ ಪಟ್ಟಣ. ಯೆಜೆಕಿಯೇಲನ 27ನೇ ಅಧ್ಯಾಯವನ್ನು ಓದಿದರೆ ಅಂದಿನ ದೊಡ್ಡ ಮಾರುಕಟ್ಟೆಯನ್ನೇ ಸುತ್ತಿಬಂದಂತಾಗುತ್ತದೆ: ಬೆಳ್ಳಿ, ಕಬ್ಬಿಣ, ತವರ, ಸೀಸ, ಆನೆದಂತ, ಕುದುರೆ, ಗೋದಿ, ಜೇನು, ಎಣ್ಣೆ. ಆ ಸರಕಿನ ಪಟ್ಟಿಯ ನಡುವೆ ಮನುಷ್ಯರೂ ಇದ್ದಾರೆ. ಜೆರುಸಲೇಮ್ ಬಿದ್ದಾಗ ಟೈರ್ ಹಿಗ್ಗಿತು. ಅಲ್ಲಿನ ವ್ಯಾಪಾರ ಇನ್ನು ತನ್ನ ಕಡೆ ತಿರುಗುತ್ತದೆ ಎಂದು ಲೆಕ್ಕ ಹಾಕಿತು. ಪ್ರವಾದಿ ಅದರ ಮೇಲೆ ಹೊರಿಸುವ ಮೊದಲ ಆರೋಪವೇ ಇದು. ಎದುರಿನ ಅಂಗಡಿಗೆ ಬೀಗ ಬಿದ್ದಾಗ ಒಳಗೊಳಗೇ ಹಿಗ್ಗುವ ಮನಸ್ಸಿಗೆ ಟೈರ್ ತೀರಾ ದೂರದ ಊರೇನಲ್ಲ.

ಎದೋಮ್ ಜನರು ಏಸಾವನ ವಂಶದವರು, ಇಸ್ರಯೇಲರು ಯಕೋಬನ ವಂಶದವರು. ಇಬ್ಬರೂ ಒಂದೇ ತಾಯಿಯ ಅವಳಿ ಮಕ್ಕಳು. ಬಾಬಿಲೋನಿಯರು ಜೆರುಸಲೇಮನ್ನು ಸೂರೆ ಮಾಡುವಾಗ ಎದೋಮ್ ದೂರ ನಿಂತು ನೋಡಿತು, ಸೋದರನ ಕೇಡಿಗೆ ನಲಿಯಿತು, ತಪ್ಪಿಸಿಕೊಂಡು ಓಡಿಬಂದವರನ್ನು ದಾರಿ ಕೂಡುವಲ್ಲಿ ನಿಂತು ಹಿಡಿದುಕೊಟ್ಟಿತು. ಹಳೆಯ ಒಡಂಬಡಿಕೆಯಲ್ಲೇ ಅತಿ ಚಿಕ್ಕದಾದ ಓಬದ್ಯನ ಗ್ರಂಥಕ್ಕೆ ಇರುವುದು 21 ವಚನಗಳು. ಅದರಲ್ಲಿ ಬಹುಭಾಗ ಈ ಒಂದು ನೋವಿಗೇ ಮೀಸಲು. ಜಮೀನಿನ ಪಾಲಿಗಾಗಿ ಕೋರ್ಟು ಹತ್ತಿ, ಅಣ್ಣನ ಮನೆಯಲ್ಲಿ ಸಾವಾದರೂ ತಮ್ಮ ಅಂಗಳದಲ್ಲೇ ನಿಂತು ನೋಡುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ದೂರ ನಿಂತು ನೋಡುವುದೂ ಪಾಪವೇ ಎಂದು ಓಬದ್ಯನು ಕಲಿಸುತ್ತಾನೆ.

ತೀರ್ಪಿನ ಒಳಗಿನ ಕಣ್ಣೀರು

ಈ ಅಧ್ಯಾಯಗಳ ಭಾಷೆ ಕೆಲವೆಡೆ ಕಠೋರವಾಗಿದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಲೋಕವನ್ನು ನಡುಗಿಸಿದ್ದ ನಿನೆವೆ ಕ್ರಿ.ಪೂ. 612ರಲ್ಲಿ ಬಿದ್ದಿತು, ಆ ಪತನವನ್ನು ಸಾರುವ ನಹೂಮನ ಮಾತಿನಲ್ಲಿ ತುಳಿತಕ್ಕೆ ಒಳಗಾದವರ ಹರ್ಷವೇ ತುಂಬಿದೆ. ಹಳೆಯ ಒಡಂಬಡಿಕೆಯ ಗ್ರಂಥಗಳಲ್ಲಿ ಅಪೂರ್ಣವೂ ತಾತ್ಕಾಲಿಕವೂ ಆದ ಕೆಲವು ಸಂಗತಿಗಳಿವೆ, ಆದರೂ ಅವು ದೇವರು ತಮ್ಮ ಜನರನ್ನು ಕ್ರಮೇಣ ತಿದ್ದಿದ ರೀತಿಯನ್ನು ತೋರಿಸುತ್ತವೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ನಮಗೆ ತಿಳಿಸಿಕೊಟ್ಟಿದೆ. ಆದ್ದರಿಂದ ನಹೂಮನನ್ನು ಓದಿದವರು ಯೋನನನ್ನೂ ಓದಬೇಕು. ಅದೇ ನಿನೆವೆಯ 1,20,000ಕ್ಕೂ ಹೆಚ್ಚು ಜನರ ಮೇಲೆ, ಅಲ್ಲಿನ ದನಕರುಗಳ ಮೇಲೆ ಸಹ ದೇವರಿಗೆ ಮರುಕವಿದೆ ಎಂಬಲ್ಲಿ ಯೋನನ ಗ್ರಂಥ ಮುಗಿಯುತ್ತದೆ.

ತೀರ್ಪು ಸಾರುವ ಪ್ರವಾದಿಯೇ ಅಳುವುದನ್ನೂ ನಾವು ಕಾಣುತ್ತೇವೆ. ಯೆಶಾಯನ 15 ಮತ್ತು 16ನೇ ಅಧ್ಯಾಯಗಳಲ್ಲಿ ಮೋವಾಬಿಗಾಗಿ ಹೃದಯ ಮೊರೆಯಿಡುತ್ತದೆ. ಸಿಬ್ಮದ ದ್ರಾಕ್ಷಿತೋಟಗಳು ಬಾಡಿದವು, ಸುಗ್ಗಿಯ ಕೇಕೆ ನಿಂತಿತು ಎಂದು ಶತ್ರುದೇಶದ ತೋಟಕ್ಕಾಗಿ ಕಣ್ಣೀರು ಹರಿಯುತ್ತದೆ. ಯೆರೆಮೀಯನ 48ನೇ ಅಧ್ಯಾಯದಲ್ಲೂ ಅದೇ ಗೋಳು. ಅಧ್ಯಾಯದ ಕೊನೆಯಲ್ಲಿ ಮೋವಾಬಿನ ಭಾಗ್ಯವನ್ನು ದೇವರು ಮರಳಿ ಕೊಡುವರೆಂಬ ವಾಗ್ದಾನವಿದೆ. ಮುಂದಿನ ಅಧ್ಯಾಯದಲ್ಲಿ ಅಮ್ಮೋನಿಗೂ ಏಲಾಮಿಗೂ ಅಂಥದೇ ವಾಗ್ದಾನ. ಯೆಶಾಯನ 19ನೇ ಅಧ್ಯಾಯವಂತೂ ಬಹು ದೂರ ಸಾಗುತ್ತದೆ: ಒಂದು ದಿನ ಈಜಿಪ್ಟಿನಿಂದ ಅಸ್ಸೀರಿಯಕ್ಕೆ ಹೆದ್ದಾರಿಯಾಗುವುದು, ಆ ಎರಡು ವೈರಿನಾಡುಗಳೂ ಇಸ್ರಯೇಲಿನ ಜೊತೆಗೆ ದೇವರ ಆಶೀರ್ವಾದದಲ್ಲಿ ಪಾಲುಗಾರರಾಗುವವು. ತೀರ್ಪು ದೇವರ ಕೊನೆಯ ಮಾತಲ್ಲ. ವೈದ್ಯನು ಹುಣ್ಣನ್ನು ಕೊಯ್ಯುವುದು ರೋಗಿ ಬದುಕಲೆಂದೇ.

ಇಂದಿನ ಹೆಸರುಗಳ ಬಗ್ಗೆ ಎಚ್ಚರ

ಗಾಜಾ, ದಮಸ್ಕ, ಟೈರ್ ಎಂಬ ಹೆಸರುಗಳು ಇಂದಿಗೂ ಸುದ್ದಿಯಲ್ಲಿವೆ. 2023ರ ಅಕ್ಟೋಬರ್ ತಿಂಗಳಿನಿಂದೀಚೆಗೆ ಆ ನಾಡಿನ ಎರಡೂ ಕಡೆಯವರು ಅನುಭವಿಸಿದ ಸಾವುನೋವುಗಳನ್ನು ಕಂಡಿದ್ದೇವೆ. ಪ್ರವಾದಿಯ ಮಾತು ಈಗ ನೆರವೇರಿತು ಎಂದು ವಚನಗಳನ್ನು ಮೊಬೈಲಿನಲ್ಲಿ ಹಂಚುವವರೂ ಇದ್ದಾರೆ. ಇದು ದೇವರ ವಾಕ್ಯಕ್ಕೆ ಮಾಡುವ ಅಪಚಾರ. ಆಮೋಸನು ಮಾತಾಡಿದ್ದು ಕ್ರಿ.ಪೂ. 8ನೇ ಶತಮಾನದ ಫಿಲಿಷ್ಟಿಯರ ಗಾಜಾವನ್ನು ಕುರಿತು; ಆ ಫಿಲಿಷ್ಟಿಯರು ಬಾಬಿಲೋನಿಯರ ದಾಳಿಯ ನಂತರ ಒಂದು ಜನಾಂಗವಾಗಿ ಚರಿತ್ರೆಯಿಂದಲೇ ಮರೆಯಾದರು. ಇಂದಿನ ಗಾಜಾದಲ್ಲಿ ಪವಿತ್ರ ಕುಟುಂಬದ ಹೆಸರಿನ ಕಥೋಲಿಕ ಧರ್ಮಕೇಂದ್ರವೊಂದಿದೆ. ಯುದ್ಧದ ದಿನಗಳಲ್ಲಿ ಜಗದ್ಗುರು ಫ್ರಾನ್ಸಿಸ್‌ನವರು 2025ರ ಏಪ್ರಿಲ್‌ನಲ್ಲಿ ದೈವಾಧೀನರಾಗುವವರೆಗೂ ಆ ಧರ್ಮಕೇಂದ್ರಕ್ಕೆ ಪದೇಪದೇ ದೂರವಾಣಿ ಕರೆ ಮಾಡಿ ಯೋಗಕ್ಷೇಮ ವಿಚಾರಿಸುತ್ತಿದ್ದರು. ಮಗುವಿನ ಸಾವು ಯಾವ ಕಡೆಯದಾದರೂ ಅದು ಪ್ರವಾದನೆಯ ನೆರವೇರಿಕೆಯಲ್ಲ. ಪ್ರವಾದಿಗಳು ಖಂಡಿಸಿದ ಪಾಪವೇ ಅದು.

ಹಬ್ಬದ ಶುಭಸಂದೇಶದಲ್ಲಿ ಮೋವಾಬ್

ಪ್ರವಾದಿಗಳು ಬೆಳಗಿಸಿದ ಈ ದೀಪವನ್ನು ಯೇಸುಸ್ವಾಮಿ ಎತ್ತಿ ಹಿಡಿದರು. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಅವರು ಸಿದೋನ್ ಪ್ರಾಂತ್ಯದ ವಿಧವೆಯನ್ನೂ ಸಿರಿಯದ ನಾಮಾನನನ್ನೂ ಹೆಸರಿಸಿದಾಗ, ಊರಿನವರು ಕೋಪದಿಂದ ಅವರನ್ನು ಬೆಟ್ಟದಿಂದ ದೊಬ್ಬಲು ಹೊರಟರು. ಬೆತೇಲಿನಲ್ಲಿ ಆಮೋಸನಿಗೆ ಆದದ್ದೂ ಇದೇ ಅಲ್ಲವೇ? ಟೈರ್ ಮತ್ತು ಸಿದೋನಿನ ಸೀಮೆಯ ಒಬ್ಬ ತಾಯಿಯ ವಿಶ್ವಾಸವನ್ನು ಅವರು ಮೆಚ್ಚಿ ಕೊಂಡಾಡಿದರು.

ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಆಚರಿಸುತ್ತೇವೆ. ಕರಾವಳಿಯ ಧರ್ಮಕೇಂದ್ರಗಳಲ್ಲಿ ಅಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತೇವೆ. ಅಂದಿನ ಶುಭಸಂದೇಶ ಸಂತ ಮತ್ತಾಯನು ಬರೆದ ವಂಶಾವಳಿ. ಹೆಸರುಗಳ ಉದ್ದನೆಯ ಸಾಲಿನಲ್ಲಿ ಕಿವಿ ಮಂಕಾಗುವಾಗ ಒಂದು ಹೆಸರನ್ನು ಎಚ್ಚರದಿಂದ ಕೇಳೋಣ: ರೂತ್. ಆಕೆ ಮೋವಾಬಿನ ಹೆಣ್ಣು. ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ದೇವರ ಸಭೆಗೆ ಸೇರಬಾರದೆಂದು ಧರ್ಮೋಪದೇಶಕಾಂಡದಲ್ಲಿ ಬರೆದಿತ್ತು. ಆದರೂ ವಿಧವೆಯಾದ ಆಕೆ ಅತ್ತೆಯ ಕೈಬಿಡದೆ ಬೆತ್ಲೆಹೇಮಿಗೆ ಬಂದಳು. ಜವೆಗೋದಿಯ ಸುಗ್ಗಿಯಲ್ಲಿ ಹಕ್ಕಲು ತೆನೆ ಆಯ್ದು ಅತ್ತೆಯನ್ನು ಸಾಕಿದಳು. ಆಕೆಯ ಮರಿಮಗನೇ ದಾವೀದ ಅರಸ. ಯಾವ ನಾಡಿನ ಮೇಲೆ ಪ್ರವಾದಿಗಳು ತೀರ್ಪು ಸಾರಿ ಕಣ್ಣೀರಿಟ್ಟರೋ ಆ ನಾಡಿನ ರಕ್ತ ನಮ್ಮ ರಕ್ಷಕರ ವಂಶದಲ್ಲಿ ಹರಿದಿದೆ. ಹಬ್ಬದ ದಿನ ನಾವು ಕೈಯಲ್ಲಿ ಹಿಡಿಯುವ ತೆನೆ ಮೋವಾಬಿನ ಆ ಸೊಸೆಯ ನೆನಪನ್ನೂ ತರಲಿ.

ಪ್ರಿಯರೇ, ಈ ಅಧ್ಯಾಯಗಳನ್ನು ಮನೆಯಲ್ಲಿ ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಯಾರ ಕೇಡು ಕೇಳಿ ನಮಗೆ ಒಳಗೊಳಗೇ ಸಂತೋಷವಾಗಿದೆ? ನಮ್ಮ ಮನೆಯಲ್ಲಿ, ತೋಟದಲ್ಲಿ, ಅಂಗಡಿಯಲ್ಲಿ ದುಡಿಯುವವರ ಕೂಲಿ ಹೊತ್ತಿಗೆ ಸರಿಯಾಗಿ ಅವರ ಕೈ ಸೇರಿದೆಯೇ? ನಮಗೆ ಅನ್ಯಾಯ ಮಾಡಿದವರಿಗಾಗಿ ಒಮ್ಮೆಯಾದರೂ ಪ್ರಾರ್ಥಿಸಿದ್ದೇವೆಯೇ? ಅನ್ಯಾಯವನ್ನು ಅನ್ಯಾಯವೆಂದು ಹೇಳುವ ಧೈರ್ಯವನ್ನೂ, ಅದೇ ಮಾತನ್ನು ಮೊದಲು ನಮಗೆ ಹೇಳಿಕೊಳ್ಳುವ ದೀನತೆಯನ್ನೂ ಸರ್ವಜನಾಂಗಗಳ ಪ್ರಭುವಾದ ದೇವರು ನಮಗೆ ದಯಪಾಲಿಸಲಿ. ಮಾತೆ ಮರಿಯಮ್ಮನವರು ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ. ಆಮೆನ್.